ಸತ್ತ ಭಾಷೆಯ ಹುಟ್ಟುಹಬ್ಬ

ಮಾರ್ಚ್ ೩, ಸೋಮವಾರ. ಸಂಜೆ, ಬಸ್ಸಿನಲ್ಲಿ

ಇವತ್ತೂ ಅದೇ. ನಾನು ಬರೆದದ್ದು ಒಂದು ಸಾಲು, ಅದನ್ನು ಓದುವ ಕಂಪೈಲರ್ ಬೈದದ್ದು ಒಂದು ಪುಟ. ಕಾರಣ? ಎಂಟನೇ ಕಾಲಂನಲ್ಲಿ ಶುರುವಾಗಬೇಕಾದ್ದು ಏಳರಲ್ಲಿ ಶುರುವಾಗಿತ್ತು. ಒಂದು ಅಕ್ಷರದಷ್ಟು ಜಾಗ! ಅತ್ತೆಮನೆಯಲ್ಲೂ ಇಷ್ಟು ಅಳೆದು ತೂಗಿ ಕಾಲಿಟ್ಟವಳಲ್ಲ ನಾನು.

ಕೋಬಾಲ್ ಅನ್ನುವ ಕಂಪ್ಯೂಟರ್ ಭಾಷೆ. ಹೆಸರಲ್ಲಿ ಬಾಲ, ವಯಸ್ಸಲ್ಲಿ ವೃದ್ಧ. ಅಮ್ಮನ ವಾರಿಗೆಯದು. ಅಮ್ಮನ ಹಾಗೇ — ಹೇಳಿದ ಜಾಗದಲ್ಲಿ ಹೇಳಿದ ವಸ್ತು ಇರದಿದ್ದರೆ ಮುಂದಿನ ಮಾತೇ ಇಲ್ಲ.

ಕಲಿಸುವವರು ಭೀಷ್ಮರು. ಹೆಸರಿಟ್ಟದ್ದು ನಾನಲ್ಲ, ಇಡೀ ಫ್ಲೋರು. ಪ್ರತಿ ಸಲವೂ ರಿಟೈರ್‌ಮೆಂಟ್ ಮುಂದೂಡಿಸಿಕೊಂಡು ಕೂತಿದ್ದಾರೆ. ಇಚ್ಛಾನಿವೃತ್ತಿಯ ವರ ಪಡೆದವರು. ಕುರ್ಚಿಯ ಸ್ಪ್ರಿಂಗು ಹೊರಗೆ ಬಂದಿದೆ, ಬದಲಾಯಿಸಲು ಬಿಡುವುದಿಲ್ಲ. ಶರಶಯ್ಯೆ.

‘ಏಳನೇ ಕಾಲಂನಲ್ಲಿ ನಕ್ಷತ್ರ ಹಾಕಿದ್ರೆ ಆ ಸಾಲು ಮಲಗಿದ ಹಾಗಮ್ಮಾ. ಮಷೀನು ಅದರ ಕಡೆ ತಿರುಗಿಯೂ ನೋಡಲ್ಲ.’

ಏಳನೇ ಮನೆ ಅಂದರೆ ಜಾತಕದಲ್ಲಿ ಗಂಡನ ಸ್ಥಾನ ಅಲ್ಲವೇ? ಮೇಷ್ಟ್ರಿಗೆ ಮೆಸೇಜ್ ಮಾಡಿದೆ. (ನನ್ನ ಗಂಡ. ಶಾಲೆಯಲ್ಲಿ ಕೆಮಿಸ್ಟ್ರಿ, ಮನೆಯಲ್ಲಿ ಫಿಲಾಸಫಿ.) ‘ಅದಕ್ಕೇ ನನ್ನ ಮಾತು ಯಾರಿಗೂ ಕೇಳ್ಸಲ್ಲ’ ಅಂತ ಉತ್ತರ ಬಂತು.

ಮ್ಯಾನೇಜರ್ ಮೇಡಂ ಇವತ್ತು ಮತ್ತೆ ನೆನಪಿಸಿದರು. ಎರಡು ವಿಮಾ ಕಂಪನಿ ಕೂಡಿ ಒಂದಾದವು, ನಮ್ಮ ಮೊಬೈಲ್ ಆ್ಯಪಿನ ಟೀಮು ಕೂಡಿ ಸೊನ್ನೆಯಾಯಿತು. ನನಗೆ ಉಳಿದದ್ದು: ತಿಂಗಳ ಕೊನೆಗೆ ಮೂರು ವರ್ಷದ ಬಾಂಡಿಗೆ ಸಹಿ ಹಾಕಿ ಹಳೇ ಪಾಲಿಸಿ ಸಿಸ್ಟಮಿಗೆ ಸೇರು. ಇಲ್ಲವೇ ಹೊರಡು. ಮೂರು ವರ್ಷ ಕೋಬಾಲ್ ಬರೆದು ಹೊರಗೆ ಬಂದರೆ ಆಮೇಲೆ ಯಾರು ಕೆಲಸ ಕೊಡ್ತಾರೆ? ಮ್ಯೂಸಿಯಂ. ಅಲ್ಲೂ ಗಾಜಿನ ಒಳಗೆ.

ಮಾರ್ಚ್ ೯, ಭಾನುವಾರ

ಅಮ್ಮನ ಮನೆಯಲ್ಲಿ ಊಟ. ಊಟಕ್ಕಿಂತ ಉಪದೇಶ ಜಾಸ್ತಿ.

ತಮ್ಮ ಶುರು ಮಾಡಿದ. ‘ಅಕ್ಕಾ, ಇಷ್ಟು ಓದ್ಕೊಂಡು ಸತ್ತ ಭಾಷೆ ಕಲಿಯೋ ಕರ್ಮ ಏನು ಬಂತು ನಿಂಗೆ?’

‘ಸತ್ತವರ ಆಸ್ತಿಗೇ ಕಣೋ ಜಗಳ ಜಾಸ್ತಿ.’

‘ಇನ್ನೆರಡೇ ವರ್ಷ. ಅದನ್ನೆಲ್ಲ ಮಷೀನೇ ಬರ್ಕೊಳ್ಳುತ್ತೆ.’

‘ಹೋದ ವರ್ಷಾನೂ ಇನ್ನೆರಡೇ ವರ್ಷ ಅಂದಿದ್ದೆ.’

ಇವನು ಕಲಿತ ಭಾಷೆಗಳು ಇವನ ಶರ್ಟುಗಳಿಗಿಂತ ಬೇಗ ಬಣ್ಣ ಬಿಡುತ್ತವೆ. ಪ್ರತಿ ಸಲ ‘ಇದೇ ಭವಿಷ್ಯ’ ಅಂತಾನೆ. ಭವಿಷ್ಯ ಬದಲಾಯಿಸುವಷ್ಟು ಸಲ ಸಾಕ್ಸ್ ಬದಲಾಯಿಸಿದ್ದರೆ ನಾವೆಲ್ಲ ಉಸಿರಾಡಬಹುದಿತ್ತು.

ಮೇಷ್ಟ್ರು ತಕ್ಕಡಿ ಹಿಡಿದರು. ‘ನೋಡು, ಕಲಿಯೋರು ಕಮ್ಮಿ, ಆದ್ದರಿಂದ ಬೆಲೆ ಜಾಸ್ತಿ. ಆದ್ರೆ ಕೇಳೋರೂ ಕಮ್ಮಿ, ಆದ್ದರಿಂದ…’

‘ಆದ್ದರಿಂದ?’

‘ಸ್ವಲ್ಪ ನೀರು ಕೊಡು.’

ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ವಾಕ್ಯವನ್ನೂ ದಡ ಮುಟ್ಟಿಸಿಲ್ಲ.

ಅಮ್ಮನ ಅಭಿಪ್ರಾಯ ಕೇಳಿದೆ. ‘ಸಂಬಳ ಯಾವ ಭಾಷೇಲಿ ಬಂದ್ರೇನೇ, ಎಣಿಸೋಕೆ ಬರುತ್ತಲ್ಲ’ ಅಂದಳು. ಅಂದವಳು ಎದ್ದು ಅಪ್ಪನ ಫೋನು ಚಾರ್ಜಿಗೆ ಹಾಕಿದಳು. ಅಪ್ಪ ಹೋಗಿ ಇದು ಮೂರನೇ ವರ್ಷ. ಫೋನು ಮಾತ್ರ ಇನ್ನೂ ದಿನಾ ಊಟ ಮಾಡುತ್ತೆ.

‘ಅಮ್ಮಾ, ಆ ನಂಬರ್ ಕ್ಯಾನ್ಸಲ್ ಮಾಡಿಸ್ಬಿಡ್ಲಾ? ಅದಕ್ಕೆ ಯಾರು ಫೋನ್ ಮಾಡ್ತಾರೆ?’

‘ಯಾರೂ ಮಾಡಲ್ಲ ಅಂತ ಗೊತ್ತಾಗ್ಬೇಕಾದ್ರೂ ಆನ್ ಇರ್ಬೇಕಲ್ವೇನೇ?’

ಚಾರ್ಜರಿನ ಪಿನ್ನು ಸಡಿಲವಾಗಿತ್ತು, ಒತ್ತಿ ಕೂರಿಸಿ ಬಂದೆ.

ಮಾರ್ಚ್ ೧೪, ಶುಕ್ರವಾರ. ಮಧ್ಯಾಹ್ನ

ಮೊದಲ ಸ್ವಂತ ಕೆಲಸ. ಗ್ರಾಹಕರ ಹುಟ್ಟುಹಬ್ಬಕ್ಕೆ ಕಂಪನಿ ಕಳಿಸುವ ಶುಭಾಶಯದ ಮೆಸೇಜು — ಅದರಲ್ಲಿ ಕಂಪನಿಯ ಹಳೇ ಹೆಸರು ತೆಗೆದು ಹೊಸ ಹೆಸರು ಹಾಕಬೇಕು. ಅಷ್ಟೇ. ಪ್ರೋಗ್ರಾಂ ತೆರೆದು ನೋಡಿದರೆ ಉಗ್ರಾಣ. ಅರ್ಧಕ್ಕರ್ಧ ನಕ್ಷತ್ರ ಹಾಕಿ ಮಲಗಿಸಿದ ಸಾಲುಗಳು. ಆಕಾಶದಲ್ಲೂ ಇಷ್ಟಿಲ್ಲ.

‘ಇದನ್ನೆಲ್ಲ ಅಳಿಸಬಾರದಾ ಸರ್?’

ಭೀಷ್ಮರು ಕನ್ನಡಕ ತೆಗೆದರು. ‘ನಾವು ಅಳಿಸಲ್ಲಮ್ಮ. ಮಲಗಿಸ್ತೀವಿ. ನಾಳೆ ಯಾರಿಗೆ ಏನು ಬೇಕಾಗುತ್ತೋ. ನಿಮ್ಮ ಕಾಲದೋರಿಗೆ ಎಲ್ಲ ಬಳಸಿ ಬಿಸಾಡೋದೇ.’

‘ಗುಡಿಸೋದು ಬೇರೆ, ಬಿಸಾಡೋದು ಬೇರೆ ಸರ್.’

‘ಗುಡಿಸೋಳ ಕೈಗೆ ಪೊರಕೆ ಕೊಟ್ರೆ ಹೊಸಿಲೂ ಹೋಯ್ತಂತೆ.’

ಗಾದೆಯೋ, ಆಗಲೇ ಹುಟ್ಟಿಸಿದ್ದೋ. ಅವರ ಅರ್ಧ ಜ್ಞಾನ ಹೀಗೇ — ಪರೀಕ್ಷಿಸಲಾಗದ್ದು.

ನಕ್ಷತ್ರಗಳನ್ನು ಮುಟ್ಟಲಿಲ್ಲ. ಆದರೆ ಮಧ್ಯದಲ್ಲಿ ಒಂದು ಪುಟಾಣಿ ಪ್ಯಾರಾ — ಹೆಸರಿಟ್ಟ ನಾಲ್ಕಾರು ಸಾಲಿನ ಗುಂಪು — ಸಿಕ್ಕಿತು. ನಕ್ಷತ್ರವೂ ಇಲ್ಲ, ಅದನ್ನು ಕರೆಯುವವರೂ ಇಲ್ಲ. ಇಡೀ ಪ್ರೋಗ್ರಾಮಿನಲ್ಲಿ ಹುಡುಕಿದೆ, ಅದರ ಹೆಸರೆತ್ತುವ ಒಂದು ಸಾಲಿಲ್ಲ. ನಾನು ಇಷ್ಟು ವರ್ಷ ಬರೆದ ಎಲ್ಲ ಭಾಷೆಯಲ್ಲೂ ಇದಕ್ಕೆ ಒಂದೇ ಅರ್ಥ: ಯಾರೂ ಕರೆಯದಿದ್ದರೆ ಅದು ಓಡುವುದಿಲ್ಲ. ಓಡದಿದ್ದರೆ ಕಸ.

ಅಳಿಸಿದೆ. ಹಾಯೆನಿಸಿತು. ಈ ಕೋಬಾಲಿನ ಮನೆಗೆ ಬಂದ ಮೇಲೆ ಮೊದಲ ಸಲ ನನ್ನದೂ ಅಂತ ಒಂದು ಕೆಲಸ.

ಸಂಜೆ

ಭೀಷ್ಮರು ನೋಡಿ ಒಪ್ಪಬೇಕಿತ್ತು. ಅವರು ಸ್ಟೋರ್ಸಿನವರ ಜೊತೆ ಫೋನಿನಲ್ಲಿ ಯುದ್ಧ ನಡೆಸಿದ್ದರು. ಈ ಸಲ ನಿಜವಾಗಿ ರಿಟೈರಾಗುತ್ತಾರಂತೆ, ಕುರ್ಚಿಯನ್ನು ಮನೆಗೆ ಒಯ್ಯಬೇಕಂತೆ, ಸ್ಟೋರ್ಸು ಬಿಡುವುದಿಲ್ಲವಂತೆ. ‘ನೋಡಿದೆ, ನೋಡಿದೆ’ ಅಂತ ಕೈ ಬೀಸಿ ಓಕೆ ಒತ್ತಿದರು. ನೋಡಿದ್ದು ಕಿಟಕಿಯನ್ನು.

ಟೆಸ್ಟೂ ಪಾಸ್. ಟೆಸ್ಟಿನ ಎಲ್ಲ ಗ್ರಾಹಕರಿಗೂ ಹೊಸ ಹೆಸರಿನಲ್ಲಿ ಶುಭಾಶಯ ಹೋಯಿತು. ಸೋಮವಾರ ಸಂಜೆ ನಿಜವಾದ ಸಿಸ್ಟಮಿಗೆ.

ಮಾರ್ಚ್ ೧೭, ಸೋಮವಾರ

ಹೋಯಿತು. ನಿರಾತಂಕ. ತಮ್ಮನಿಗೆ ಹೇಳಿದೆ. ‘ಮಮ್ಮಿಗೆ ಮೇಕಪ್ ಮಾಡ್ದಂಗಾಯ್ತು’ ಅಂದ. ಯಾವ ಮಮ್ಮಿ ಅಂತ ಕೇಳಿದೆ. ‘ಪಿರಮಿಡ್ಡಿನೊಳಗಿನ ಮಮ್ಮಿ’ ಅಂದ. ಫೋನಿಟ್ಟೆ.

ಮಾರ್ಚ್ ೨೦, ಗುರುವಾರ

ಬಸ್ಸಿನಲ್ಲಿ ಸೀಟಿಲ್ಲ, ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಹೀಗಿದ್ದರೆ ಹೀಗೇ ಇರಲಿ.

ಕಾಲ್ ಸೆಂಟರಿನ ಹುಡುಗಿ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದಳು. ‘ತೀರಿಕೊಂಡೋರಿಗೆಲ್ಲ ಹ್ಯಾಪಿ ಬರ್ತ್‌ಡೇ ಹೋಗ್ತಿದೆ. ಮಂಗಳವಾರದಿಂದ. ನೂರ್ಕಾಲ ಬಾಳಿ ಅಂತ! ಒಬ್ಬರು ಅಳ್ತಿದ್ದಾರೆ, ಒಬ್ಬರು ಕೋರ್ಟಿಗೆ ಹೋಗ್ತೀನಿ ಅಂತಿದ್ದಾರೆ, ಒಬ್ಬರು ಪಾಲಿಸಿ ಇನ್ನೂ ನಡೀತಿದೆಯಾ ಅಂತ ಕೇಳ್ತಿದ್ದಾರೆ.’

ಮೇಡಂ ನನ್ನ ಕಡೆ ನೋಡಿದರು. ನಾನು ಭೀಷ್ಮರ ಕಡೆ. ಭೀಷ್ಮರು ಕುರ್ಚಿಯ ಕಡೆ.

ಮಧ್ಯಾಹ್ನದ ತನಕ ಹುಡುಕಿ ಕೊನೆಗೆ ನಾನೇ ಕಂಡುಹಿಡಿದೆ — ಕಳ್ಳಿಯೂ ನಾನೇ, ಪೊಲೀಸೂ ನಾನೇ. ಆ ಪುಟಾಣಿ ಪ್ಯಾರಾ. ಈ ಭಾಷೆಯಲ್ಲಿ ಪ್ಯಾರಾವನ್ನು ಯಾರೂ ಕರೆಯಬೇಕಾಗಿಲ್ಲ. ಮೇಲಿನದು ಮುಗಿದರೆ ಓಟ ಮೆಟ್ಟಿಲಿನ ನೀರಿನ ಹಾಗೆ ತಾನಾಗಿ ಕೆಳಗಿನದಕ್ಕೆ ಇಳಿಯುತ್ತದೆ. ಮೇಲಿನ ಪ್ಯಾರಾ ‘ಇವತ್ತು ಯಾರ ಹುಟ್ಟುಹಬ್ಬ’ ಅಂತ ಹುಡುಕುತ್ತಿತ್ತು. ಕೆಳಗಿನದು ಸುಮ್ಮನೆ ನಿಂತು ‘ಇವರು ಈಗ ಇಲ್ಲ, ಬಿಡು’ ಅನ್ನುತ್ತಿತ್ತು. ಕರೆಯದೆ ಬಂದು ಕೆಲಸ ಮಾಡಿ ಹೋಗುವ ನೆಂಟ. ನಾನು ಕತ್ತು ಹಿಡಿದು ಹೊರಗೆ ಹಾಕಿದ್ದೆ.

ಟೆಸ್ಟಿನಲ್ಲಿ ಯಾಕೆ ಸಿಕ್ಕಲಿಲ್ಲ? ಟೆಸ್ಟಿಗೆಂದು ನಾವು ಹುಟ್ಟಿಸಿದ ಗ್ರಾಹಕರೆಲ್ಲ ಚಿರಂಜೀವಿಗಳು. ಒಬ್ಬರನ್ನೂ ಸಾಯಿಸಲು ಯಾರಿಗೂ ಹೊಳೆದಿರಲಿಲ್ಲ.

ಪ್ಯಾರಾ ವಾಪಸ್ ಹಾಕಿದೆ. ನಿಂತಿತು.

ಭೀಷ್ಮರು ಮೇಡಂ ಮುಂದೆ ಗಟ್ಟಿಯಾಗಿ: ‘ನಾನು ಮೊದಲೇ ಹೇಳಿದ್ದೆ, ಅಳಿಸಬೇಡ ಅಂತ.’ ಆಮೇಲೆ ನನ್ನ ಹತ್ತಿರ ಮೆಲ್ಲಗೆ: ‘ಅದು ಅಲ್ಲಿ ಯಾಕಿತ್ತು ಅಂತ ನಂಗೂ ಮರೆತುಹೋಗಿತ್ತಮ್ಮ.’ ಇನ್ನೂ ಮೆಲ್ಲಗೆ, ಸ್ವಲ್ಪ ಹೆಮ್ಮೆಯಿಂದ: ‘ನನ್ನ ಮೊದಲನೇ ತಪ್ಪು ಇದಕ್ಕಿಂತ ಬಹಳ ದೊಡ್ಡದು.’ ತಪ್ಪಿನಲ್ಲೂ ಸೀನಿಯಾರಿಟಿ ಬಿಡಲೊಲ್ಲರು.

ಮೇಡಂ ಕರೆದರು. ಇನ್ನು ಬಾಂಡಿನ ಗೊಡವೆ ಇಲ್ಲ, ಹೊರಗೆ ಹಾಕುತ್ತಾರೆ ಅಂದುಕೊಂಡೆ. ಒಳಗೊಳಗೇ ನಿರಾಳ ಬೇರೆ — ನಿರ್ಧಾರ ನಾನು ಮಾಡಬೇಕಿಲ್ಲವಲ್ಲ.

‘ಮೂವತ್ತೊಂದಕ್ಕೆ ಸಹಿ. ನಿಮಗಿನ್ನೂ ಇಂಟರೆಸ್ಟ್ ಇದ್ರೆ.’

‘ನಿಮಗಿನ್ನೂ ನಾನು ಬೇಕಾ ಮೇಡಂ?’

‘ಆ ಪ್ಯಾರಾ ಏನು ಮಾಡುತ್ತೆ ಅಂತ ಈ ಬಿಲ್ಡಿಂಗಲ್ಲಿ ಗಟ್ಟಿಯಾಗಿ ಗೊತ್ತಿರೋರು ಈಗ ನೀವೊಬ್ರೇ.’

ಒಳ್ಳೇ ಕರಿಯರ್. ಒಂದೊಂದು ಅನಾಹುತಕ್ಕೂ ಒಂದೊಂದು ಅರ್ಹತೆ.

ಮಾರ್ಚ್ ೨೧, ಶುಕ್ರವಾರ

ಇವತ್ತಿನ ಶಿಕ್ಷೆ: ಕ್ಷಮಾಪಣೆಯ ಮೆಸೇಜು ನಾನೇ ಬರೆಯಬೇಕು. ಯಾರಿಗೆ ಹೋಗುತ್ತೆ ಅಂತ ಮೇಡಂಗೆ ಕೇಳಿದೆ. ‘ಅದೇ ನಂಬರ್‌ಗಳಿಗೆ. ಬೇರೆ ಯಾವುದಿದೆ?’

ಮೊದಲ ಕರಡು: ‘ಮಾನ್ಯರೇ, ತಾವು ಬದುಕಿದ್ದೀರೆಂದು ತಪ್ಪಾಗಿ ಭಾವಿಸಿದ್ದಕ್ಕೆ ವಿಷಾದಿಸುತ್ತೇವೆ.’ ಮೇಡಂಗೆ ನಗು ಬರಲಿಲ್ಲ. ಕೊನೆಗೆ ‘ಈ ಹಿಂದೆ ಕಳಿಸಿದ ಶುಭಾಶಯ ತಾಂತ್ರಿಕ ದೋಷದಿಂದ ಬಂದದ್ದು. ದಯವಿಟ್ಟು ಮನ್ನಿಸಿ’ ಅಂತ ಹೋಯಿತು. ತಾಂತ್ರಿಕ ದೋಷ ಅಂದರೆ ನಾನು.

ರಾಜೀನಾಮೆಯನ್ನೂ ಬರೆದಿಟ್ಟೆ. ಅದಕ್ಕೆ ಕರಡು ಬೇಕಾಗಲಿಲ್ಲ. ಮೇಷ್ಟ್ರಿಗೆ ತೋರಿಸಿದೆ. ಓದಿ, ‘ಚೆನ್ನಾಗಿದೆ. ಆದರೆ…’ ಅಂದರು. ಎದ್ದು ನೀರಿನ ಲೋಟ ಹುಡುಕಿದರು.

ಮಾರ್ಚ್ ೩೧, ಸೋಮವಾರ. ಆಫೀಸು, ಊಟದ ಹೊತ್ತು

ಸಂಜೆಯೊಳಗೆ ಒಂದು ಕೊಡಬೇಕು. ಬಾಂಡು ಮೇಜಿನ ಮೇಲಿದೆ, ರಾಜೀನಾಮೆ ಚೀಲದಲ್ಲಿ. ಬೆಳಗಿಂದ ಕೈ ಚೀಲದ ಕಡೆಗೇ ಹೋಗುತ್ತಿತ್ತು.

ಫೋನು ಬಂತು. ಸ್ಕ್ರೀನಿನಲ್ಲಿ — ಅಪ್ಪ.

ಊಟದ ಡಬ್ಬಿ ಮುಚ್ಚಿದೆ. ನಿಂತೇಹೋಯಿತು. ಮತ್ತೆ ಬಂತು. ಎತ್ತಿದೆ.

‘ನನ್ನ ಫೋನ್ ಕೆಟ್ಟಿದೆ ಕಣೆ, ಅದಕ್ಕೆ ಇವರದರಿಂದ ಮಾಡ್ತಿದೀನಿ. ಊಟ ಆಯ್ತಾ?’

‘ಆಯ್ತು, ಹೇಳಮ್ಮ.’

‘ನಿಮ್ಮ ಕಂಪನಿಯೋರಿಗೆ ಸ್ವಲ್ಪ ಬುದ್ಧಿ ಹೇಳು. ಹದಿನೆಂಟನೇ ತಾರೀಕು ಇವರಿಗೆ ಶುಭಾಶಯ ಕಳಿಸಿದ್ರು. ಮೂರು ವರ್ಷದಲ್ಲಿ ಮೊದಲನೇ ಸಲ ಈ ಫೋನು ಟಿಣ್ ಅಂತು. ಓಡಿ ಬಂದು ನೋಡ್ದೆ. ಎಷ್ಟು ಚೆನ್ನಾಗಿ ಬರೆದಿದ್ರು, ಹೆಸರು ಹಾಕಿ. ಮತ್ತೆ ಮೂರೇ ದಿನಕ್ಕೆ ಮನ್ನಿಸಿ ಅಂತ ಯಾಕೆ? ನಾನೇನು ಬೇಜಾರು ಮಾಡ್ಕೊಂಡಿದ್ನಾ?’

ಹದಿನೆಂಟು. ಅಪ್ಪನ ಹುಟ್ಟುಹಬ್ಬ. ನಮ್ಮ ಕಂಪನಿಯ ಹಳೇ ಪಾಲಿಸಿದಾರರು ಅವರು. ತಮ್ಮನಿಗೆ ನೆನಪಿರಲಿಲ್ಲ. ನನಗೂ. ಸಿಸ್ಟಮಿಗಿತ್ತು.

‘ಅಮ್ಮಾ, ಅದು… ನಿಂಗೆ ಬೇಜಾರಾಗ್ಲಿಲ್ವಾ?’

‘ಬೇಜಾರು ಯಾಕೆ? ನೀವ್ಯಾರೂ ಒಂದು ಫೋನ್ ಮಾಡ್ಲಿಲ್ಲ. ಯಾರೋ ಒಬ್ರು ಕೂತ್ಕೊಂಡು ನೆನಪಿಟ್ಟು ಕಳಿಸಿದ್ರಲ್ಲ.’ ಆಮೇಲೆ, ಲೈಟ್ ಬಿಲ್ಲಿನ ವಿಷಯ ಕೇಳುವ ಧ್ವನಿಯಲ್ಲಿ, ‘ಮುಂದಿನ ವರ್ಷಾನೂ ಬರುತ್ತಾ?’

ಬರುವುದಿಲ್ಲ. ಬರದ ಹಾಗೆ ನಾನೇ ನನ್ನ ಕೈಯಾರೆ ಪ್ಯಾರಾ ವಾಪಸ್ ಹಾಕಿದ್ದೇನೆ. ಈಗ ಅದು ಅಲ್ಲಿ ನಿಂತು ಪ್ರತಿ ವರ್ಷ ಹೇಳುತ್ತದೆ — ಇವರು ಈಗ ಇಲ್ಲ, ಬಿಡು.

‘ಬರುತ್ತಮ್ಮ’ ಅಂದುಬಿಟ್ಟೆ.

ಫೋನಿಟ್ಟ ಮೇಲೆ ಸಿಸ್ಟಮಿನಲ್ಲಿ ಅಪ್ಪನ ನಂಬರ್ ಹಾಕಿ ನೋಡಿದೆ. ಇದ್ದಾರೆ. ಹೆಸರು, ಹುಟ್ಟಿದ ತಾರೀಕು, ಅಮ್ಮನ ಮನೆಯ ವಿಳಾಸ. ಪಕ್ಕದಲ್ಲಿ ‘ಇಲ್ಲ’ ಅನ್ನುವುದಕ್ಕೆ ಒಂದೇ ಅಕ್ಷರ. ಅಳಿಸಿಲ್ಲ. ಮಲಗಿಸಿದ್ದಾರೆ.

ಅವರೊಬ್ಬರನ್ನು ಮಾತ್ರ ತಡೆಯಬೇಡ ಅಂತ ಪ್ಯಾರಾದೊಳಗೆ ಒಂದು ಸಾಲು ಸೇರಿಸಬಹುದು. ಹೇಳಿದ ಕಾಲಂನಿಂದ, ಸರಿಯಾಗಿ. ಯಾರಿಗೂ ಗೊತ್ತಾಗುವುದಿಲ್ಲ… ಆದರೆ ಮುಂದೆ ಯಾವಳೋ ಬಂದು, ಇದ್ಯಾಕೆ ಇಲ್ಲಿದೆ ಅಂತ ತಲೆ ಕೆಡಿಸಿಕೊಂಡು, ಅಳಿಸಿ… ಬೇಡ. ಮೇಡಂಗೆ ನೇರವಾಗಿ ಕೇಳುತ್ತೇನೆ: ವರ್ಷಕ್ಕೊಂದು ದಿನ, ಒಂದು ನಂಬರಿಗೆ, ಕಂಪನಿಯ ಹೆಸರಿನಲ್ಲಿ ನಾನೇ ಕೈಯಾರೆ ಕಳಿಸುತ್ತೇನೆ. ಬಯ್ಯಲಿ. ಆದರೆ ಕಳಿಸುವುದಕ್ಕೆ ನಾನು ಇಲ್ಲಿರಬೇಕು. ಇದೇ ದರಿದ್ರ ಭಾಷೆಯಲ್ಲಿ. ಮೂರು ವರ್ಷಕ್ಕೆ ಮೂಗು ಮುರಿಯುತ್ತಿದ್ದವಳು, ಈಗ ಅಮ್ಮನಿಗೆ ಎಷ್ಟು ವರ್ಷಕ್ಕೆ ಮಾತು ಕೊಟ್ಟೆ?

ತಮ್ಮನಿಗೆ ಏನು ಹೇಳಲಿ. ‘ಸತ್ತ ಭಾಷೆ ಕಣೋ, ಸತ್ತವರ ಜೊತೆ ಮಾತಾಡೋಕೆ ಅದೇ’ — ಥೂ. ಇದು ಅವನು ಹೊಡೆಯುವ ಜೋಕಿಗಿಂತ ಕಡೆ.

ಭೀಷ್ಮರು ಕುರ್ಚಿ ಗೆದ್ದರಂತೆ. ಅದನ್ನು ಲಿಫ್ಟಿಗೆ ತುರುಕುತ್ತಿದ್ದಾರೆ, ಸ್ಪ್ರಿಂಗು ಬಾಗಿಲಿಗೆ ಸಿಕ್ಕಿಕೊಂಡಿದೆ. ಮೇಡಂ ಬಾಂಡಿಗಾಗಿ ಬಂದು ನಿಂತಿದ್ದಾರೆ. ಡೈರಿಗೂ ಸಹಿಗೂ ನನ್ನ ಹತ್ತಿರ ಇರುವುದು ಇದೊಂದೇ ಪೆನ್ನು, ಹಾಗಾಗಿ…