ಬೆಳಕು ಬಿಡದ ಕ್ಯಾಮೆರಾ

ರಾಯಲ್ಪಾಡು
ಜೂನ್ 2009

ಚಿ. ಹರಿಪ್ರಿಯಾಗೆ ನಿನ್ನ ಸೋದರಮಾವನ ಆಶೀರ್ವಾದ.

ಪುನುಗಿನ ಬೆಕ್ಕುಗಳ ಓಡಾಟ ನೋಡಲು ನೀನು ನಮ್ಮ ಮಾವಿನ ತೋಪಿನಲ್ಲಿ ಕಟ್ಟಿಹೋದ ಕ್ಯಾಮೆರಾ ಚೆನ್ನಾಗಿದೆ. ಅಷ್ಟು ಅಗ್ಗದ್ದು ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು.

ಫಸಲನ್ನು ಓಬೇದುಲ್ಲಾಗೆ ಗುತ್ತಿಗೆ ಕೊಟ್ಟ ಮೇಲೆ ನಾವು ಒಂದು ಕಾಯನ್ನೂ ಮುಟ್ಟುವಂತಿಲ್ಲ, ನಿನಗೆ ಗೊತ್ತು. ಬಾದಾಮಿ ಮಾವಿನ ಮರದ ಹಣ್ಣು ಕಡಿಮೆಯಾಗುತ್ತಿದೆ ಎಂದು ಅವನು ಗೊಣಗಿದಾಗ, ಎಲ್ಲಾ ಪುನುಗಿನ ಬೆಕ್ಕಿನ ಕೆಲಸ ಎಂದವನು ನಾನೇ. ಅವನು ನಂಬಿ, ಬೇಲಿಗೆಲ್ಲ ತಂತಿಯ ಉರುಲು ಹಾಕಿಸಿದ.

ಮೊನ್ನೆ ನಿನ್ನ ಮೆಮೊರಿ ಕಾರ್ಡ್ ತೋರಿಸಲು ಶ್ರೀನಿವಾಸಪುರದ ಸ್ಟುಡಿಯೋಗೆ ಅವನನ್ನೂ ಕರೆದುಕೊಂಡು ಹೋದೆ. "ಬಾರಯ್ಯ, ನಿನ್ನ ಕಳ್ಳನ ಮುಖ ತೋರಿಸ್ತೀನಿ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ್ದೆ. ಕತ್ತಲಲ್ಲಿ ಯಾರೇ ಓಡಾಡಿದರೂ ಬೆಳಕು ಬಿಡದೆಯೇ ಅದು ತಾನಾಗಿ ಫೋಟೋ ಹಿಡಿಯುತ್ತದೆ ಎಂದು ನೀನು ಹೇಳಿದ್ದಾಗ ಸುಮ್ಮನೆ ತಲೆಯಾಡಿಸಿದ್ದೆ, ನಂಬಿರಲಿಲ್ಲ.

ಮೊದಲ ಫೋಟೋದಲ್ಲಿ ತಾಯಿ ಬೆಕ್ಕು, ಹಿಂದೆ ಅದರ ಮರಿ. ಆಮೇಲಿನದರಲ್ಲಿ ನಾನು, ಎತ್ತಿ ಕಟ್ಟಿದ ಪಂಚೆಯ ತುಂಬ ಹಣ್ಣು.

"ಸಾಮೀ, ಈ ಬೆಕ್ಕು ಪಂಚೆ ಉಟ್ಟೈತಲ್ಲ!" ಎಂದು ಓಬೇದುಲ್ಲಾ ನಕ್ಕ. ನಾನೂ ನಗಲು ನೋಡಿದೆ, ಆಗಲಿಲ್ಲ. ಆಮೇಲೆ ಅವನೇ ಮೆಲ್ಲಗೆ, "ಕೇಳಿದ್ರೆ ನಾನು ಇಲ್ಲ ಅಂತಿದ್ನಾ?" ಎಂದ.

ಊರಿಗೆ ಬಂದು ಇಬ್ಬರೂ ಸೇರಿ ಉರುಲುಗಳನ್ನೆಲ್ಲ ಬಿಚ್ಚಿದೆವು. ಕೊನೆಯದರಲ್ಲಿ ತಾಯಿ ಬೆಕ್ಕು ಸತ್ತು ಬಿದ್ದಿತ್ತು. ಮರಿ ಕಾಣಲಿಲ್ಲ.

ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ ಅದೇ ಮರಕ್ಕೆ ಕಟ್ಟಿದ್ದೇನೆ. ಮುಂದಿನ ವಾರ ನೀನೇ ಬಂದು ತೆಗೆದು ನೋಡು. ಮರಿಯ ಫೋಟೋ ಬಂದಿದ್ದರೆ ಮಾತ್ರ ನನ್ನನ್ನು ಕರೆ.

ನಿನ್ನ ಮಾವ,
ಶ್ರೀಪತಿ