ಊರಿನ ಹೆಸರಿನ ಜಾಗದಲ್ಲಿ

ಸುರಪುರ, ಸೋಮವಾರ

ಅಪ್ಪಾ,

ನಿಮ್ಮ ಸೂಗಮ್ಮಳ ನಮಸ್ಕಾರ. ನಾನು ತಾಯಪ್ಪ ಅವರನ್ನು ಮದುವೆಯಾದ ದಿನ ನೀವು, "ಇನ್ನ ಈ ಮನಿಗಿ ಬರಬ್ಯಾಡ" ಅಂದಿರಿ. ಅದಕ್ಕೇ ಫೋನ್ ಮಾಡಲು ಅಂಜಿ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವಂತೆ, ಕಾಲುವೆ ನೀರಿನ ಸರದಿ ತೋರಿಸುವ ವೆಬ್‌ಸೈಟನ್ನು ನಾನೇ ನೋಡಿಕೊಳ್ಳುತ್ತೇನೆ. ಈಚೆಗೆ ಅದು ಬಹಳ ನಿಧಾನವಾಗಿತ್ತು. ಕಾರಣ ತಿಳಿಯಲು, ಡೇಟಾಬೇಸಿಗೆ ಹೋಗುವ ಪ್ರತಿ ಪ್ರಶ್ನೆಯೂ ದಾಖಲಾಗುವಂತೆ ಲಾಗ್ ಹಾಕಿದೆ. ಜನ ಏನು ಹುಡುಕಿದರೆಂದು ಅದರಲ್ಲಿ ಕಾಣುತ್ತದೆ. ಎಲ್ಲರೂ ಊರಿನ ಹೆಸರು ಬರೆಯುವ ಜಾಗದಲ್ಲಿ ದಿನವೂ ಒಬ್ಬರು, "ನಮ್ಮ ಸೂಗಮ್ಮ ಆರಾಮ ಅದಾಳೇನು?" ಎಂದು ಕೇಳಿದ್ದರು. "ಅಂಥ ಊರು ಸಿಗಲಿಲ್ಲ" ಎಂದು ವೆಬ್‌ಸೈಟು ಉತ್ತರಿಸಿತ್ತು. ನನ್ನ ಬಗ್ಗೆ ಹೀಗೆ ಕೇಳುವವರು ನೀವೊಬ್ಬರೇ. ಕುರ್ಚಿಯಲ್ಲೇ ಕುಳಿತು ಅತ್ತೆ, ನಕ್ಕೆ.

ವೆಬ್‌ಸೈಟು ಈಗ ಸರಿಹೋಗಿದೆ. "ಲಾಗ್ ಬಂದ್ ಮಾಡವಾ, ಮಂದಿ ಬರೆದದ್ದು ನಾವು ಇಟ್ಕೋಬಾರದು" ಅಂದರು ನಮ್ಮ ಮೇಲಧಿಕಾರಿ ಗೊಲ್ಲಾಳಮ್ಮ. ಇಂದು ಬಂದ್ ಮಾಡಿದೆ. ಇನ್ನು ನೀವು ಕೇಳಿದರೂ ನನಗೆ ಕಾಣುವುದಿಲ್ಲ.

ನಾನು ಆರಾಮಾಗಿದ್ದೇನೆ, ಅಪ್ಪಾ. ಭಾನುವಾರ ಹುಣಸಗಿ ಬಸ್ಸಿಗೆ ನಾನೂ ತಾಯಪ್ಪ ಅವರೂ ಬರುತ್ತೇವೆ. ನೀವು ಕರೆಯುವ ತನಕ ಅವರು ಅಂಗಳದಲ್ಲೇ ನಿಲ್ಲುತ್ತಾರಂತೆ. ಬಿಸಿಲು ಜೋರಿದೆ, ಬೇಗ ಕರೆಯಿರಿ.

ನಿಮ್ಮ ಮಗಳು,
ಸೂಗಮ್ಮ