ಅಮರೇಶಪ್ಪನವರು ತಂದ ಲಕೋಟೆ

ಸೆಪ್ಟೆಂಬರ್ 12, ಶುಕ್ರವಾರ. ಮಲ್ಕಾಜ್‌ಗಿರಿ

ಲಕೋಟೆ ಇನ್ನೂ ನನ್ನ ಚೀಲದಲ್ಲೇ ಇದೆ. ಒಡೆದಿಲ್ಲ.

ಬೇಗಂ ಬಜಾರಿನ ಅಮರೇಶಪ್ಪನವರ ಅಂಗಡಿಯ ಆಡಿಟ್ ನನ್ನದು; ಅದು ಬ್ಯಾಂಕಿನ ಒಂದು ಉತ್ತರಕ್ಕಾಗಿ ನಿಂತಿತ್ತು. ಅವರ ಖಾತೆಯಲ್ಲಿ ಬಾಕಿ ಎಷ್ಟೆಂದು ಪೋರ್ಟಲ್‌ನಲ್ಲಿ ಬ್ಯಾಂಕನ್ನು ಕೇಳಿ ಹದಿನೆಂಟು ದಿನವಾಗಿತ್ತು. ಬಾಕಿ ಕೇಳಿದರೆ ಉತ್ತರವೇ ಬಾಕಿ. ವಿಚಾರಿಸಿದರೆ, ನನ್ನ ವಿನಂತಿ ಹಳೆಯ ಅಧಿಕಾರಿಯ ಲಾಗಿನ್‌ನಲ್ಲಿ ಕೂತಿದೆಯಂತೆ. ಅಧಿಕಾರಿಗೆ ವರ್ಗವಾಯಿತು, ಪಾಪ, ವಿನಂತಿಗೆ ಆಗಲಿಲ್ಲ.

ನನ್ನ ಪೇಚಾಟ ನೋಡಲಾರದೆ ಅಮರೇಶಪ್ಪನವರೇ ಇಂದು ಬ್ಯಾಂಕಿನಲ್ಲಿ ಅರ್ಧ ದಿನ ಕಾದು, ಮೊಹರು ಹಾಕಿಸಿದ ಪತ್ರವನ್ನು ಲಕೋಟೆಯಲ್ಲಿ ನನ್ನ ಆಫೀಸಿಗೆ ತಂದರು. ಆಡಿಟ್ ನಿಯಮದಂತೆ ಉತ್ತರ ಬ್ಯಾಂಕಿನಿಂದ ನೇರ ನನಗೇ ಬರಬೇಕು, ನಿಮ್ಮ ಕೈಯಿಂದ ಬಂದರೆ ನಡೆಯುವುದಿಲ್ಲ ಎಂದೆ.

"ನಿಮ್ಮ ರಿಜಿಸ್ಟರ್ ಮದಿವಿಗೆ ಸಾಕ್ಷಿ ಸಹಿ ಹಾಕಿದ್ದು ಇದ ಕೈರಿ, ಸಾಹೇಬ್ರ," ಎಂದರು. "ಅವತ್ತ ನಡೀತು, ಇವತ್ತ ನಡಿಯಂಗಿಲ್ಲೇನು?"

ಚಹಾ ಅರ್ಧಕ್ಕೇ ಬಿಟ್ಟು, ಲಕೋಟೆ ಮೇಜಿನ ಮೇಲಿಟ್ಟು ಹೋದರು.

ಹೊಸ ಅಧಿಕಾರಿಯ ಹೆಸರಿಗೆ ವಿನಂತಿ ಮತ್ತೆ ಕಳಿಸಿದೆ. ಸಂಜೆ ಆರಕ್ಕೆ ಉತ್ತರ ಬಂತು. ಅಮರೇಶಪ್ಪನವರ ಪುಸ್ತಕಕ್ಕೂ ಅದಕ್ಕೂ ಒಂದು ಪೈಸೆಯ ವ್ಯತ್ಯಾಸವಿಲ್ಲ. ಹದಿನೆಂಟು ದಿನ ಕಾದದ್ದು ಇದಕ್ಕೇ, ಆದರೂ ಖುಷಿಯಾಗಲಿಲ್ಲ.

"ಫೋನ್ ಮಾಡಿ ಹೇಳ್ರಿ, ಹಿರ್ಯಾರು ಭಾಳ ನೊಂದಿರ್ತಾರ," ಎನ್ನುತ್ತಾಳೆ ಹೆಂಡತಿ ಸುವರ್ಣಾ. ಮೂರು ಸಲ ಫೋನ್ ಕೈಗೆತ್ತಿಕೊಂಡೆ. ಏನೆಂದು ಹೇಳಲಿ? ನೀವು ಸುಳ್ಳುಗಾರರಲ್ಲ ಎಂದು ಬ್ಯಾಂಕು ನನಗೆ ಬರೆದುಕೊಟ್ಟಿದೆ ಎಂದೇ?

ನಾಳೆ ಅವರ ಅಂಗಡಿಗೇ ಹೋಗಿ ಒಂದು ಚಹಾ ಕೇಳುತ್ತೇನೆ. ತರಿಸಿದರೆ ಸರಿ. ತರಿಸದಿದ್ದರೆ, ಅವರು ಬ್ಯಾಂಕಿನಲ್ಲಿ ಕಾದಂತೆ ನಾನೂ ಅಲ್ಲೇ ಅರ್ಧ ದಿನ ಕಾಯುತ್ತೇನೆ.